ಮೂರನೇ ಮಂಚದಿಂದ ಕಾಣದ ಜಾಗ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ಊಟ ಮಾಡಿದ್ದೇನೆ, ಸ್ವೆಟರ್ ಹಾಕಿಕೊಂಡಿದ್ದೇನೆ. ಫೋನಿನಲ್ಲಿ ನೀನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಮುಗಿಯಿತು. ಇನ್ನು ಮುಂದಿನದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು "ಒಲೆ ಮೇಲೆ ಹಾಲಿದೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹಾಲು ಇಳಿಸು, ಕನ್ನಡಕ ಹಾಕಿಕೋ, ಕುಳಿತು ಓದು.

ಹೊಸ ವರ್ಷದಿಂದ ಟೇಪು ಹಿಡಿದು ಒಂದು ಹಳೆಯ ಕಟ್ಟಡವನ್ನು ಅಳೆಯುತ್ತಿದ್ದೇನೆ ಎಂದು ಹೇಳಿದ್ದೆ. ಯಾವ ಕಟ್ಟಡ ಎಂದು ನೀನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನಮ್ಮಿಬ್ಬರ ಮಾತುಕತೆಯೇ ಹಾಗೆ ತಾನೆ. ಅದು ಗುಡ್ಡದ ಮೇಲಿನ ಕ್ಷಯದ ಆಸ್ಪತ್ರೆ. ನಾನು ಚಿಕ್ಕವಳಿದ್ದಾಗ ನೀನು ಮಲಗಿದ್ದ ಆಸ್ಪತ್ರೆ.

ಈಗ ಅಲ್ಲಿ ಸಂಗೀತ ಶಾಲೆ ಬರುತ್ತದಂತೆ. ಒಂದೊಂದು ಉಸಿರಿಗೂ ಪಡಿಪಾಟಲು ಪಟ್ಟವರ ವಾರ್ಡಿನಲ್ಲಿ ಮಕ್ಕಳು ಕೊಳಲು ಊದುತ್ತಾರೆ. ಈ ಸಾಲು ಓದಿ ನೀನು ಏನೋ ಚುಚ್ಚುಮಾತು ಆಡಿರುತ್ತೀಯ, ನನಗೆ ಇಲ್ಲಿಗೇ ಕೇಳಿಸಿತು. ಶಾಲೆಯವರು ನನಗೆ ಕೊಟ್ಟ ಕೆಲಸ ಕಟ್ಟಡದ ಚರಿತ್ರೆ ಬರೆಯುವುದು. ಮೊದಲು ಏನಿತ್ತು, ಆಮೇಲೆ ಏನು ಸೇರಿಸಿದರು, ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬಹುದು, ಎಲ್ಲ. ನಾನು ಆ ಕಟ್ಟಡವನ್ನು ಬೈಯುವುದಕ್ಕೆ ತಯಾರಾಗಿಯೇ ಹೋದವಳು. ಮೊದಲ ದಿನವೇ ಮರುಳಾದೆ, ಅಮ್ಮ.

ಎಷ್ಟು ಯೋಚನೆ ಮಾಡಿ ಕಟ್ಟಿದ್ದಾರೆ ಗೊತ್ತೇ? ಗೋಡೆ ನೆಲಕ್ಕೆ ಸೇರುವ ಕಡೆ ಮೂಲೆಯೇ ಇಲ್ಲ, ದೂಳು ಕೂರಬಾರದೆಂದು ಬಟ್ಟಲಿನ ಒಳಗಿನಂತೆ ದುಂಡಗೆ ಮಾಡಿದ್ದಾರೆ. ಕಿಟಕಿಗಳಿಗೆ ಒಳಗಡೆ ಅಂಚಿಲ್ಲ. ಬಾಗಿಲುಗಳ ಮೇಲೆ ಕೆತ್ತನೆಯ ಒಂದು ಗೀರು ಕೂಡ ಇಲ್ಲ, ಒಂದೇ ಸಲ ಬಟ್ಟೆ ಎಳೆದರೆ ಒರೆಸಿಯಾಯಿತು. ಮೆಟ್ಟಿಲುಗಳು ತಗ್ಗು ತಗ್ಗು, ಏದುಸಿರಿನವರೂ ಹತ್ತಲಿ ಎಂದು. ಬಟ್ಟೆ ಬೇಯಿಸುವ ಮನೆ, ಕಸ ಸುಡುವ ಒಲೆ ಎರಡನ್ನೂ ಗಾಳಿ ಆಚೆಗೆ ಬೀಸುವ ದಿಕ್ಕಿನಲ್ಲಿ ಇಟ್ಟಿದ್ದಾರೆ. ವಾರ್ಡಿನ ಉದ್ದಕ್ಕೂ ಸಂಜೆ ಬಿಸಿಲಿಗೆ ಮುಖ ಮಾಡಿದ ಬಾಲ್ಕನಿ. ಅದರ ಮೊದಲ ನಕ್ಷೆ ಸಿಕ್ಕಿದಾಗ ನನಗೆ ಕಣ್ಣು ತುಂಬಿ ಬಂತು. ಬಾಲ್ಕನಿಯ ಅಂಚಿಗೆ ತೆಳ್ಳನೆಯ ಕಬ್ಬಿಣದ ಕಂಬಿಗಳು, ಮಂಚದ ಮೇಲೊಬ್ಬ ಪುಟ್ಟ ಮನುಷ್ಯ, ಅವನ ಕಣ್ಣಿನಿಂದ ಕಂಬಿಗಳ ನಡುವೆ ಹಾದು ಕೆಳಗಿನ ಹುಲ್ಲಿಗೆ ಹೋಗುವ ಒಂದು ಚುಕ್ಕೆ ಗೆರೆ. ಮಲಗಿದವನಿಗೂ ತನ್ನವರು ಕಾಣಬೇಕು ಎಂದು ಆ ನಕ್ಷೆ ಬರೆದ ಪುಣ್ಯಾತ್ಮ ಯೋಚಿಸಿದ್ದ.

ನಾನು ಅದನ್ನೇ ನಂಬಿ ಬರೆದೆ. ಇಲ್ಲಿನ ರೋಗಿಗಳು ಮಲಗಿದಲ್ಲಿಂದಲೇ ತಮ್ಮ ಮಕ್ಕಳನ್ನು ಕಣ್ತುಂಬ ನೋಡುತ್ತಿದ್ದರು ಎಂದು. ಬಾಲ್ಕನಿಯ ಅಂಚಿಗೆ ಈಗಿರುವ ಇಟ್ಟಿಗೆಯ ಮೋಟುಗೋಡೆಯನ್ನು ಆಸ್ಪತ್ರೆ ಮುಚ್ಚಿದ ಮೇಲೆ ಯಾರೋ ಕಟ್ಟಿರಬೇಕು, ಅದನ್ನು ಒಡೆದು ಹಳೆಯ ಕಂಬಿಗಳನ್ನೇ ಹಾಕಿ ಎಂದೂ ಸಲಹೆ ಕೊಟ್ಟೆ. ಶಾಲೆಯವರು ಕುಣಿದಾಡಿಬಿಟ್ಟರು.

ಬರೆಯುವಾಗ ಆ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಯಾಕೆ ಎಂದು ಈಗ ಹೇಳಲೇಬೇಕು.

ಭಾನುವಾರ ಸಂಜೆ ಅತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಬರುತ್ತಿದ್ದರು. ಅಪ್ಪ ರೈಲು ಓಡಿಸುತ್ತಿದ್ದವರು, ಭಾನುವಾರವೂ ಪಾಳಿ, ಅದಕ್ಕೇ ಅವರ ಅಕ್ಕನಿಗೆ ಆ ಕೆಲಸ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ, ಭಾನುವಾರ ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಕೂಗಬಾರದು ಎಂದು ಬೋರ್ಡು ಬೇರೆ. ಕೆಳಗೆ ಹುಲ್ಲಿನ ಮೇಲೆ ನಿಂತು ಮೇಲೆ ನೋಡುವುದಷ್ಟೇ. ಮೇಲೆ ಮಲಗಿದ್ದ ನಿಮಗೆಲ್ಲ ತಲೆ ಎತ್ತಲೂ ಅಪ್ಪಣೆ ಇರಲಿಲ್ಲ. ಸೊಳ್ಳೆಪರದೆಯ ಕೋಲಿಗೆ ಬಣ್ಣದ ಬಟ್ಟೆ ಕಟ್ಟಿ ಗೋಡೆಯಾಚೆ ಚಾಚಿ ಬೀಸುತ್ತಿದ್ದಿರಿ, ಒಬ್ಬೊಬ್ಬರದು ಒಂದೊಂದು ಬಣ್ಣ. ನಿನ್ನದು ಎಡಗಡೆಯ ಕಂಬದಿಂದ ಮೂರನೇ ಮಂಚ, ನೀಲಿ ಬಟ್ಟೆ. ಎರಡು ಸಲ ಬೇಗ, ಒಂದು ಸಲ ನಿಧಾನ. ಹಾಗೆ ಬೀಸುತ್ತಿದ್ದವಳು ನೀನೊಬ್ಬಳೇ.

ಅತ್ತೆ ಆ ದೊಡ್ಡ ಕರಿ ಛತ್ರಿ ಹಿಡಿದು, ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ಮುಂದೆ ತಳ್ಳುತ್ತಿದ್ದರು. "ಹತ್ರ ಹೋಗಿ ನಿಂತ್ಕೋ, ಅಮ್ಮಂಗೆ ನಿನ್ನ ಮುಖ ಕಾಣ್ಬೇಕು" ಎಂದು. ನಾವಿಬ್ಬರೂ ನಿನ್ನ ಬಾಲ್ಕನಿಯ ಬುಡಕ್ಕೇ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದೆವು. ಉಳಿದವರೆಲ್ಲ ದೂರದ ನೀರಿನ ತೊಟ್ಟಿಯ ಹತ್ತಿರ. ಅವರನ್ನು ಕಂಡರೆ ಅತ್ತೆಗೆ ತಾತ್ಸಾರ. ಹೆತ್ತವರ ಕಾಯಿಲೆಗೆ ಹೆದರಿ ಅಷ್ಟು ದೂರ ನಿಲ್ಲುತ್ತಾರಲ್ಲ, ಇವರೂ ಮನುಷ್ಯರೇ ಎಂದು ಗೊಣಗುತ್ತಿದ್ದರು.

ಆಮೇಲೆ ಕೆಲವು ವಾರ ನಿನ್ನ ನೀಲಿಯ ಹಿಂದೆ ಒಂದು ಹಳದಿ ಬಟ್ಟೆಯೂ ಏಳುತ್ತಿತ್ತು, ಒಂದು ವಾರ ನೀಲಿ ಏಳಲೇ ಇಲ್ಲ. ಮೂರನೇ ಮಂಚದಿಂದ ಹಳದಿ ಮಾತ್ರ ಎದ್ದಿತು. ಎರಡು ಬೇಗ, ಒಂದು ನಿಧಾನ. ನಾನು ಹಿಂದೆ ತಿರುಗಿ ನೋಡಿದೆ. ತೊಟ್ಟಿಯ ಹತ್ತಿರ ಎರಡು ಜಡೆಯ ಹುಡುಗಿಯೊಬ್ಬಳು ಕುಣಿದು ಕುಣಿದು ಕೈ ಬೀಸುತ್ತಿದ್ದಳು. ಮುಂದಿನ ವಾರವೂ ಹಳದಿ. ಅದರ ಮುಂದಿನ ವಾರವೂ. ನೀಲಿ ಮತ್ತೆ ಬರಲೇ ಇಲ್ಲ. ನೀನು ನನ್ನನ್ನು ಬಿಟ್ಟು ಆ ಹುಡುಗಿಗೆ ಅಮ್ಮನಾದೆ ಎಂದು ನನಗೆ ಖಾತ್ರಿಯಾಯಿತು. ಭಾನುವಾರ ಬಂದರೆ ಹೊಟ್ಟೆನೋವು ಎಂದು ಹಠ ಹಿಡಿದು ಮಲಗತೊಡಗಿದೆ.

ನೀನು ಮನೆಗೆ ಬಂದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಕರೆಯಲಿ ಎಂದು ಕಾದೆ. ನೀನು ಕರೆಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾವು ಜಗಳವಾಡಿದ್ದೂ ಇಲ್ಲ, ಹತ್ತಿರ ಬಂದದ್ದೂ ಇಲ್ಲ. ಊಟ ಆಯಿತಾ, ಸ್ವೆಟರ್ ಹಾಕಿಕೊಂಡೆಯಾ, ಹಾಲು ಉಕ್ಕುತ್ತಿದೆ, ಇಡುತ್ತೇನೆ.

ಮೊನ್ನೆ ಒಂದು ಕಡೆ ಆ ಮೋಟುಗೋಡೆ ಬಿರುಕು ಬಿಟ್ಟಿತ್ತು. ಗಟ್ಟಿ ಇದೆಯೇ ನೋಡೋಣ ಎಂದು ಎರಡು ಇಟ್ಟಿಗೆ ತೆಗೆಸಿದೆ. ಒಳಗೆ ಕಬ್ಬಿಣದ ಕಂಬಿಗಳು ನಿಂತಿದ್ದವು. ಯಾರೂ ಅವನ್ನು ಕಿತ್ತಿರಲಿಲ್ಲ, ಅವುಗಳ ಸುತ್ತಲೇ ಗೋಡೆ ಎಬ್ಬಿಸಿದ್ದರು. ಇದು ಯಾವಾಗ ಆದದ್ದು ಎಂದು ಆಸ್ಪತ್ರೆಯ ಕಡತಗಳಲ್ಲಿ ಹುಡುಕಿದೆ. ಗಾಳಿ ರೋಗಿಗಳ ಕಾಲಿಗೆ ಹೊಡೆಯುತ್ತದೆ ಎಂದು ಯಾರೋ ಒಳ್ಳೆಯ ಡಾಕ್ಟರು ಕಟ್ಟಿಸಿದ್ದಂತೆ, ನೀನು ಸೇರುವ ಹಿಂದಿನ ವರ್ಷ. ಅಂದರೆ ನಿನ್ನ ಕಣ್ಣ ಮುಂದೆ ಕಂಬಿ ಇರಲೇ ಇಲ್ಲ, ಗೋಡೆ ಇತ್ತು. ನಾನು ಬರೆದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಚಂದದ ಪುಟವೇ ಸುಳ್ಳು.

ಮತ್ತೆ ನೀವು ಹೇಗೆ ನೋಡುತ್ತಿದ್ದಿರಿ? ಕಂಬಗಳ ಮೇಲೆ ಮಂಚಕ್ಕೊಂದರಂತೆ ಕೊಕ್ಕೆಗಳಿವೆ. ಒಂದಕ್ಕೆ ಕೈಗನ್ನಡಿಯ ಹಿಂದಿನ ತಗಡು ಇನ್ನೂ ನೇತಾಡುತ್ತಿತ್ತು. ಅದನ್ನು ಕಂಡದ್ದೇ ತಡ, ಮರೆತೇ ಹೋಗಿದ್ದ ಒಂದು ಸಂಗತಿ ನೆನಪಾಯಿತು. ಆ ಸಂಜೆಗಳಲ್ಲಿ ಹುಲ್ಲಿನ ಮೇಲೆ ಬೆಳಕಿನ ಬಿಲ್ಲೆಗಳು ಓಡಾಡುತ್ತಿದ್ದವು. ತೊಟ್ಟಿಯ ಹತ್ತಿರದ ಮಕ್ಕಳ ಫ್ರಾಕಿನ ಮೇಲೆ, ಮುಖದ ಮೇಲೆ. ಅವರು ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ನಮ್ಮ ಮೇಲೆ ಮಾತ್ರ ಒಂದೂ ಬೀಳುತ್ತಿರಲಿಲ್ಲ.

ನಿನ್ನೆ ಬಿಸಿಲು ಇಳಿಯುವ ಹೊತ್ತಿಗೆ ಒಂದು ಬೆಂಚನ್ನು ಮೂರನೇ ಮಂಚದ ಜಾಗಕ್ಕೆ ಎಳೆದು ಅಂಗಾತ ಮಲಗಿ, ಕೈಯಲ್ಲಿ ಕನ್ನಡಿ ಎತ್ತಿ ಹಿಡಿದೆ. ತೊಟ್ಟಿ ಕಂಡಿತು. ಗೇಟು ಕಂಡಿತು. ಗೇಟಿನಾಚೆಯ ಬಸ್ಸೂ ಕಂಡಿತು. ಕನ್ನಡಿಯನ್ನು ಎಷ್ಟು ತಿರುಗಿಸಿದರೂ ಹತ್ತಿರದ ಹುಲ್ಲು ಕಾಣಲಿಲ್ಲ, ಮೋಟುಗೋಡೆ ಅಡ್ಡ. ನಕ್ಷೆಯ ಮೇಲೆ ನಾನೂ ಒಂದು ಚುಕ್ಕೆ ಗೆರೆ ಎಳೆದೆ. ಅದು ನಮ್ಮ ತಲೆಯ ಮೇಲಿಂದ ಹಾದು ನೇರವಾಗಿ ತೊಟ್ಟಿಗೆ ಹೋಯಿತು. ನಾವು ಎಷ್ಟು ಹತ್ತಿರ ಬಂದೆವೋ ಅಷ್ಟು ಕಾಣದೆ ಹೋದೆವು, ಅಮ್ಮ. ನಿನಗೆ ನಾನು ಒಂದು ವಾರವೂ ಕಂಡಿಲ್ಲ, ಅಲ್ಲವೇ?

ಇಷ್ಟನ್ನೇ ಕೇಳಬೇಕಿತ್ತು. ಬೆಂಚಿನ ಮೇಲೆ ಮಲಗಿದ್ದಾಗಲೇ ಕೇಳಬೇಕೆನಿಸಿತು, ಆದರೆ ಅಲ್ಲಿ ಅತ್ತುಬಿಟ್ಟೆ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ನನ್ನ ಮೇಲೆ ನನಗೇ ಕೋಪ, ನಿನ್ನ ಮೇಲೂ.

ಮುಂದಿನ ತಿಂಗಳು ಗೋಡೆ ಒಡೆಯುವವರು ಬರುತ್ತಾರೆ. ನಾನೇ ಬರೆದುಕೊಟ್ಟ ಸಲಹೆ. ಈಗ ನನಗೆ ಮನಸ್ಸು ಒಪ್ಪುತ್ತಿಲ್ಲ. ನಡೆದದ್ದಕ್ಕೆ ಸಾಕ್ಷಿಯೆಂದರೆ ಆ ಗೋಡೆ ಒಂದೇ. ನಿನ್ನ ಮಂಚದ ಮುಂದಿನ ಭಾಗವನ್ನಾದರೂ ಉಳಿಸಿ ಎಂದು ಬರೆಯಲೇ? ನೀನು ಏನು ಹೇಳುತ್ತೀಯೋ ಹಾಗೆ. ಒಮ್ಮೆ ಬಂದು ನೋಡುತ್ತೀಯಾ?

ನಿನ್ನ ಮಗಳು

ತಾ.ಕ.: ನಾನು ಹೊಟ್ಟೆನೋವೆಂದು ಮಲಗತೊಡಗಿದ ಮೇಲೂ ಅತ್ತೆ ಭಾನುವಾರ ಛತ್ರಿ ಹಿಡಿದು ಹೊರಡುವುದನ್ನು ಬಿಡಲಿಲ್ಲ. ಸಾಮಾನು ತರಲು ಹೋಗುತ್ತಾರೆ ಎಂದುಕೊಂಡಿದ್ದೆ. ಆದರೆ ಅವರ ಚೀಲ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಒಮ್ಮೆ ಎಲ್ಲಿಗೆ ಎಂದು ಕೇಳಿದ್ದಕ್ಕೆ, "ನಿಮ್ಮಮ್ಮಂಗೆ ಯಾರೂ ಬಂದಿಲ್ಲ ಅನ್ನಿಸ್ಬಾರ್ದಲ್ಲ" ಎಂದರು. ಒಬ್ಬರೇ ಹೋಗಿ, ಅಲ್ಲೇ, ಗೋಡೆಯ ಬುಡದಲ್ಲೇ ನಿಂತು ಬರುತ್ತಿದ್ದರು.


ಮಾರ್ಚ್ ೧೫, ಶನಿವಾರ

ನನ್ನ ಟೇಪಮ್ಮನಿಗೆ,

ನಿನ್ನ ಕಾಗದ ಓದುವಾಗ ಹಾಲು ನಿಜವಾಗಿಯೂ ಉಕ್ಕಿತು. ಒಲೆ ಇನ್ನೂ ಉಜ್ಜಿಲ್ಲ. ಮೂರನೆಯ ದಿನ ಬರೆಯಲು ಕುಳಿತರೆ ಪೆನ್ನಿನಲ್ಲಿ ಶಾಯಿ ಇಲ್ಲ. ಅಂತೂ ಈಗ ಬರೆಯುತ್ತಿದ್ದೇನೆ.

ಮೊದಲು ನಿನ್ನ ಚರಿತ್ರೆಯಲ್ಲಿ ಸೇರಿಸಬೇಕಾದ್ದು. ದುಂಡನೆಯ ಮೂಲೆ, ಗೀರಿಲ್ಲದ ಬಾಗಿಲು ಎಂದೆಲ್ಲ ಹೊಗಳಿದ್ದೀಯ. ಇರಬಹುದು. ನಾನು ಕಂಡದ್ದು ಸೂರು. ಬಿಳಿ ಸೂರು, ಅದರಲ್ಲೊಂದು ಬಿರುಕು, ಬಿರುಕಿನ ಪಕ್ಕದಲ್ಲಿ ಗುಬ್ಬಚ್ಚಿ ಗೂಡು. ನಿನ್ನ ನಕ್ಷೆಯಲ್ಲಿ ಸೂರು ಯಾಕಿಲ್ಲ? ಮಲಗಿದವರ ಆಸ್ಪತ್ರೆಯ ಚರಿತ್ರೆಯನ್ನು ನಿಂತುಕೊಂಡು ಬರೆದರೆ ಹೀಗೇ ಆಗುವುದು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನೀನು ಕೇಳುವವಳಲ್ಲ, ನಾನು ಹೇಳುವವಳಲ್ಲ. ಹೋಗಲಿ.

ಹೌದು. ನೀನು ನನಗೆ ಒಂದು ವಾರವೂ ಕಾಣಲಿಲ್ಲ.

ಮೊದಮೊದಲು ನನಗೆ ಕನ್ನಡಿ ಹಿಡಿಯಲು ಬರುವುದಿಲ್ಲ ಎಂದುಕೊಂಡೆ. ತೋಳು ನಡುಗುತ್ತಿತ್ತು. ತೊಟ್ಟಿಯ ಹತ್ತಿರ ಹುಡುಕಿದೆ, ಗೇಟಿನ ಹತ್ತಿರ ಹುಡುಕಿದೆ, ಮರದ ಕೆಳಗೆ ಹುಡುಕಿದೆ. ಎಲ್ಲರ ಮಕ್ಕಳೂ ಇದ್ದರು. ನೀನಿರಲಿಲ್ಲ. ಆದರೂ ನೀಲಿ ಬಟ್ಟೆ ಬೀಸುತ್ತಿದ್ದೆ, ಎಲ್ಲೋ ಇರಬಹುದು ಎಂದು. ನಮ್ಮ ನರ್ಸಿಗೆ ನಾವು ಕಮಾಂಡರ್ ಎಂದು ಹೆಸರಿಟ್ಟಿದ್ದೆವು. ಅವಳು ಪ್ರತಿ ಭಾನುವಾರ ಬಂದು "ನಿಮ್ಮವ್ರು ಬಂದಿದ್ರು" ಎನ್ನುತ್ತಿದ್ದಳು. ಅದನ್ನು ನಂಬಬಹುದಿತ್ತು. ಆದರೆ ಯಾರೂ ಬಾರದವರಿಗೂ ಅವಳು ಹಾಗೇ ಹೇಳುತ್ತಿದ್ದಳು. ವಾರದ ನಡುವೆ ಬರುತ್ತಿದ್ದ ನಿನ್ನ ಅಪ್ಪನನ್ನು ಕೇಳಿದರೆ, ಅಕ್ಕ ಕರೆದುಕೊಂಡು ಹೋಗುತ್ತಾಳಂತಲ್ಲ ಎನ್ನುತ್ತಿದ್ದರು. ಅವರು ಕಣ್ಣಾರೆ ಕಂಡವರೇ?

ಹಳದಿಯ ಕಥೆ ಕೇಳು. ಪಕ್ಕದ ಮಂಚದವಳು ಬಟ್ಟೆ ಹೊಲಿಯುವ ಕೆಲಸದವಳು. ನಮ್ಮೆಲ್ಲರ ಬಟ್ಟೆಗೂ ಅಂಚು ಹೊಲಿದುಕೊಟ್ಟವಳು ಅವಳೇ. ಎರಡು ಜಡೆಯ ಹುಡುಗಿ ಅವಳ ಮಗಳು. ಅವಳಿಗೆ ಕೋಲು ಎತ್ತಲು ಶಕ್ತಿ ಸಾಲದಾದಾಗ "ನಂದೂ ಒಂಚೂರು ಬೀಸ್ತೀಯಾ" ಎಂದಳು. ಮೊದಲು ನನ್ನದನ್ನು ಬೀಸಿ ಆಮೇಲೆ ಅವಳದನ್ನು ಬೀಸುತ್ತಿದ್ದೆ. ಬರಬರುತ್ತಾ, ಬಾರದ ಮಗುವಿಗೆ ಎಷ್ಟೆಂದು ಬೀಸುವುದು ಎನ್ನಿಸಿ ನೀಲಿಯನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟೆ. ಅವಳ ಮಗುವಾದರೂ ಕುಣಿಯುತ್ತಿತ್ತಲ್ಲ.

ಆಮೇಲೆ ಅವಳು ತೀರಿಕೊಂಡಳು. ಅವಳ ಗಂಡ ಕಮಾಂಡರ್ ಕೈಯಲ್ಲಿ ಹೇಳಿಕಳಿಸಿದ. ಮಗುವಿಗೆ ಇನ್ನೂ ಹೇಳಿಲ್ಲ, ಅಜ್ಜಿ ಊರಿನಿಂದ ಬಂದು ಹೇಳುವ ತನಕ ಬಟ್ಟೆ ಬೀಸುತ್ತೀರಾ ಎಂದು. ಅಜ್ಜಿ ಬರುವುದು ತಡವಾಯಿತು. ನಾನು ಬೀಸುತ್ತಲೇ ಇದ್ದೆ. ಆ ಹುಡುಗಿ ನಗುವುದನ್ನು ಕನ್ನಡಿಯಲ್ಲಿ ನೋಡಿ, ಇವಳ ವಯಸ್ಸೇ ನನ್ನವಳಿಗೂ ಎಂದುಕೊಳ್ಳುತ್ತಿದ್ದೆ. ತಾಯಿ ಸತ್ತ ಮಗುವಿಗೆ ನಾನು ತಾಯಿಯಾಗಿ ಬೀಸುವಾಗ ತಾಯಿ ಇದ್ದ ನನ್ನ ಮಗು ಕೆಳಗೇ ನಿಂತು ನೋಡುತ್ತಿತ್ತು. ಇದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದೆ.

ನಿನಗೆ ನನ್ನನ್ನು ನೋಡಲು ಇಷ್ಟವಿಲ್ಲ, ಕಾಯಿಲೆಯವಳೆಂದು ಅಸಹ್ಯಪಡುತ್ತೀಯ ಎಂದೇ ನಾನು ತಿಳಿದಿದ್ದೆ. ಮನೆಗೆ ಬಂದಾಗ ನೀನು ಬಾಗಿಲ ಹಿಂದೆ ಅವಿತಿದ್ದೆ. ಸರಿ, ಹೆದರುತ್ತಾಳೆ, ತಾನಾಗಿ ಬರಲಿ ಎಂದು ಕಾದೆ. ಇಬ್ಬರೂ ಕಾದೆವು ನೋಡು, ಒಳ್ಳೆಯ ಕೆಲಸ ಮಾಡಿದೆವು.

ಆದರೆ ನಿದ್ದೆ ಕೆಡಿಸಿದ್ದು ಅದಲ್ಲ. ನಿನ್ನ ಕಾಗದದ ಕೊನೆಯ ಐದು ಸಾಲು.

ಅವತ್ತು ಅಡುಗೆಮನೆಯಲ್ಲಿ ನಿನ್ನ ಅತ್ತೆಯನ್ನು ಕೇಳಿದ್ದೆ, ಮಗುವನ್ನು ಒಂದು ಸಲವಾದರೂ ಯಾಕೆ ಕರೆತರಲಿಲ್ಲ ಎಂದು. ಅವರು ಕಕ್ಕಾಬಿಕ್ಕಿಯಾಗಿ, "ಪ್ರತಿ ವಾರಾನೂ ಬಂದಿದ್ವಲ್ಲ, ನಿನ್ನ ಮಂಚದ ಕೆಳಗೇ ನಿಂತಿದ್ವಲ್ಲ" ಎಂದರು. ನಾನು, "ಕನ್ನಡಿ ಸುಳ್ಳು ಹೇಳಲ್ಲ ಅತ್ತಿಗೆ, ನೀವು ಹೇಳ್ತಿದ್ದೀರ" ಎಂದೆ. ಅವರು ಕುಡಿದ ಲೋಟ ತೊಳೆದಿಟ್ಟರು, ನಿನ್ನ ತಲೆ ಸವರಿದರು, ಹೊರಟುಹೋದರು. ಆ ಮೇಲೆ ಅವರನ್ನು ನಾನು ಮನೆಗೆ ಕರೆಯಲಿಲ್ಲ. ನಿನ್ನನ್ನು ಸಾಕಿದವರು ಅವರು, ನಿನಗೆ ಜಡೆ ಹಾಕಿದವರು ಅವರು. ನೀನು ಅವರನ್ನು ನೋಡಲು ಹೋದಾಗಲೆಲ್ಲ ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ಅವರು ಹಾಸಿಗೆ ಹಿಡಿದಾಗ ನಿನ್ನ ಅಪ್ಪ ಎಷ್ಟು ಕರೆದರೂ ಮೊಣಕಾಲು ನೋವು ಎಂದೆ. ಮೊಣಕಾಲು ಆಗ ಚೆನ್ನಾಗಿಯೇ ಇತ್ತು.

ಯಾರಿಗೆ ಹೇಳಲಿ ಈಗ? ನನಗಾಗಿ ಯಾರೂ ಬರಲಿಲ್ಲ ಎಂದು ನಾನು ಆ ಮಂಚದ ಮೇಲೆ ಅಳುತ್ತಿದ್ದಾಗ ಆ ಹೆಂಗಸು ಗೋಡೆಯ ಆಚೆ ನಿಂತಿದ್ದರು. ಮಗು ಬಾರದಿದ್ದರೂ ಬಂದು ನಿಂತಿದ್ದರು. ಅವರನ್ನು ನಾನು ಸುಳ್ಳುಗಾತಿ ಎಂದೆ. ಕ್ಷಮೆ ಕೇಳಲು ಮನುಷ್ಯರೇ ಇಲ್ಲದಂತೆ ಆಯಿತು.

ಗೋಡೆಯ ವಿಚಾರ. ಒಡೆಸು. ಒಂದು ಇಟ್ಟಿಗೆಯನ್ನೂ ನೆನಪಿಗೆ, ಸಾಕ್ಷಿಗೆ ಎಂದು ಇಡಬೇಡ. ಕೊಳಲು ಊದುವ ಮಕ್ಕಳ ಅಪ್ಪ ಅಮ್ಮ ಹುಲ್ಲಿನ ಮೇಲೆ ಎಲ್ಲಿ ಬೇಕಾದರೂ ನಿಲ್ಲಲಿ, ಕಾಣಲಿ. ಆದರೆ ನಾನು ಬಂದು ಹೋಗುವವರೆಗೆ ಯಾರೂ ಅದನ್ನು ಮುಟ್ಟಕೂಡದು. ಮುಂದಿನ ಶನಿವಾರದ ಗಾಡಿಗೆ ಬರುತ್ತೇನೆ. ಮೆಟ್ಟಿಲು ತಗ್ಗು ತಗ್ಗು ಎಂದು ನೀನೇ ಬರೆದಿದ್ದೀಯ, ಹತ್ತುತ್ತೇನೆ.

ಸ್ವೆಟರ್ ಹಾಕಿಕೋ.

ನಿನ್ನ ಅಮ್ಮ

ತಾ.ಕ.: ಆ ಕನ್ನಡಿ ಇನ್ನೂ ನನ್ನ ಹತ್ತಿರವೇ ಇದೆ. ದಿನಾ ಅದರಲ್ಲೇ ತಲೆ ಬಾಚಿಕೊಳ್ಳುವುದು, ನೀನು ಗಮನಿಸಿಲ್ಲ. ತರುತ್ತೇನೆ. ಭಾನುವಾರ ಸಂಜೆ ನನ್ನನ್ನು ಆ ಬೆಂಚಿನ ಮೇಲೆ ಮಲಗಿಸಿ ನೀನು ಕೆಳಗೆ ಹೋಗು. ಮೊದಲು ಅತ್ತೆ ನಿನ್ನನ್ನು ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡು, ತೊಟ್ಟಿಯ ಕಡೆಗೆ. ಕಂಡ ತಕ್ಷಣ ಬೀಸುತ್ತೇನೆ, ಎರಡು ಬೇಗ, ಒಂದು ನಿಧಾನ. ಅತ್ತೆ ತೀರಿಕೊಂಡ ಮೇಲೆ ಅವರ ಛತ್ರಿಯನ್ನು ನೀನು ಎತ್ತಿಟ್ಟುಕೊಂಡಿದ್ದೀಯಲ್ಲ, ಅದನ್ನು ಬಿಚ್ಚಿ ಎತ್ತಿ ಹಿಡಿದುಕೋ. ನನಗೆ ಮೊದಲು ಅದು ಕಾಣಲಿ.